ನಾಲ್ಕು ಮಂದಿ, ನಾಲ್ಕು ಚೀಟಿ, 11 ನಿಮಿಷ: ಆನ್‌ಲೈನ್ ಗುಂಪು ಚರ್ಚೆಯ ನನ್ನ ಅನುಭವ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ನಡೆಸುವವರಿಗೆಲ್ಲ ಗೊತ್ತು, ಇಲ್ಲಿ ಒಳ್ಳೆ ಚರ್ಚೆ ನಡೆಯುವುದು ಕ್ಲಾಸಿನಲ್ಲಿ ಅಲ್ಲ, ಚಹಾ ಅಂಗಡಿ ಮುಂದೆ. ಕ್ಲಾಸಿನಲ್ಲಿ ತುಟಿ ಬಿಚ್ಚದ ಹುಡುಗ ಅಲ್ಲಿ ಚಹಾದ ಗ್ಲಾಸ್ ಹಿಡಿದು ಮೀಸಲಾತಿ ಬಗ್ಗೆ ಮುಕ್ಕಾಲು ತಾಸು ಮಾತಾಡುತ್ತಾನೆ. ಆ ಮಾತನ್ನು ಮೊಬೈಲಿನೊಳಗೆ ತರಬೇಕು ಅಂತ ನಾನು ಹೊರಟಾಗ ಪಕ್ಕದ ಕಟ್ಟಡದಲ್ಲಿ ಅರ್ಥಶಾಸ್ತ್ರ ಹೇಳುವ ಸರ್ ನಕ್ಕರು. “ಎದುರಿಗೆ ಕುಂದರ್ಸಿದ್ರನ ಮಾತಾಡಂಗಿಲ್ಲ, ಇನ್ನ ಫೋನಿನ್ಯಾಗ ಮಾತಾಡ್ತಾರೇನ್ರಿ ಮೇಡಮ್?” ಅಂದರು. ಎರಡು ವರ್ಷ ಅವರ ಮಾತೇ ನಿಜವಾಯಿತು. ಮೂರನೇ ವರ್ಷ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಪ್ರಬಂಧದ ಬ್ಯಾಚ್. ಕೆಎಎಸ್ ಮೇನ್ಸ್‌ನಲ್ಲಿ ಪ್ರಬಂಧ ಪತ್ರಿಕೆಗೆ 250 ಅಂಕ. ಪಿಎಸ್‌ಐಗೆ ಓದುವವರಿಗೂ 50 ಅಂಕದ ಮೊದಲ ಪತ್ರಿಕೆಯಲ್ಲಿ ಪ್ರಬಂಧ, ಸಾರಾಂಶ, ಅನುವಾದ ಇದ್ದೇ ಇದೆ. ನಮ್ಮ ಹುಡುಗರಿಗೆ ಅಂಕಿಅಂಶ ಬಾಯಿಪಾಠ ಇರುತ್ತದೆ. ಎದುರಿನವನು ಏನು ಹೇಳಬಹುದು ಅನ್ನೋದು ಮಾತ್ರ ಗೊತ್ತಿರಲ್ಲ. ಅದು ಮಾತಾಡಿದರೇ ಬರಬೇಕು. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಊರಿಗೆ ಹೋದರಲ್ಲ, ಆಮೇಲೆ ಅರ್ಧ ಜನ ವಾಪಸ್ ಬರಲೇ ಇಲ್ಲ. ರೂಮ್ ಬಾಡಿಗೆ, ಮೆಸ್ ಖರ್ಚು ಉಳಿಯುತ್ತದೆ ಅಂತ ನವಲಗುಂದ, ರೋಣ, ಮುಂಡರಗಿ, ಬ್ಯಾಡಗಿ, ಹಾನಗಲ್ಲಿನಲ್ಲೇ ಉಳಿದರು. ಅವರಿಗಾಗಿ ರಾತ್ರಿ 8ರಿಂದ 9:30ರ ಬ್ಯಾಚ್ ತೆರೆದೆ. ಸುಮಾರು 32 ಮಂದಿ.

ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆ. ಎಂಟೆಂಟು ಜನರನ್ನು ಬ್ರೇಕ್‌ಔಟ್ ರೂಮಿಗೆ (ಒಂದೇ ಮೀಟಿಂಗಿನೊಳಗೆ ಸಣ್ಣ ಗುಂಪಿಗೆ ಮಾಡಿಕೊಡುವ ಬೇರೆ ಕೋಣೆ) ಹಾಕಿ, ವಿಷಯ ಕೊಟ್ಟು, “20 ನಿಮಿಷ ಚರ್ಚೆ ಮಾಡಿ” ಅಂದೆ. ಹತ್ತು ನಿಮಿಷ ಬಿಟ್ಟು ಒಂದು ರೂಮಿಗೆ ಹೋಗಿ ನೋಡಿದರೆ ಎಂಟು ಕಪ್ಪು ಚೌಕ. ಎಲ್ಲೋ ಒಂದು ಫ್ಯಾನ್ ಸದ್ದು, ಅಷ್ಟೇ. “ಏನಪಾ, ಎಲ್ಲಿಗೆ ಬಂತು ಚರ್ಚೆ?” ಅಂದೆ. “ಯಾರರೆ ಚಾಲೂ ಮಾಡ್ತಾರೇನಂತ ಕಾಯಾಕತ್ತಿದ್ವಿ ರೀ ಮೇಡಮ್.”

ಆಮೇಲೆ ಲೀಡರ್ ನೇಮಿಸಿದೆ. ಲೀಡರೇ ಪೂರ್ತಿ ಮಾತಾಡಿದ. ಹುಬ್ಬಳ್ಳಿಯ ಒಬ್ಬ ಎಂಜಿನಿಯರಿಂಗ್ ಹುಡುಗ 20 ನಿಮಿಷ ಭಾಷಣ ಹೊಡೆದ. ಉಳಿದ ಏಳು ಮಂದಿಗೆ ಪಾರಾದೆವು ಅನ್ನೋ ಖುಷಿ. ಅದೂ ಬೇಡ ಅಂತ ಮಾತಾಡಿದವರಿಗೆ ಅಂಕ ಅಂದೆ. ಅದು ಇನ್ನೂ ಕೆಟ್ಟಿತು. “ನಾನೂ ಇವರ ಮಾತನ್ನು ಒಪ್ಪುತ್ತೇನೆ” ಅಂತ ಒಬ್ಬೊಬ್ಬರೂ ಒಂದೊಂದು ಸಲ ಹೇಳಿ ಮೈಕ್ ಬಂದ್ ಮಾಡಿದರು. ಎಲ್ಲರಿಗೂ ಅಂಕ ಕೊಡಬೇಕಾಯಿತು, ಮಾತಾಡಿದ್ದು ನಿಜ ತಾನೇ!

ದುಡ್ಡಿನ ಕಥೆ ಕೇಳಿ. ಶುರುವಿನಲ್ಲಿ ಝೂಮ್‌ನ ಉಚಿತ ಖಾತೆಯಲ್ಲೇ ನಡೆಸುತ್ತಿದ್ದೆ. 40 ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತದೆ ಅನ್ನೋದು ಗೊತ್ತಿದ್ದೂ, ಮತ್ತೆ ಸೇರಿದರಾಯಿತು ಅಂದುಕೊಂಡಿದ್ದೆ. ಎಲ್ಲರೂ ಮತ್ತೆ ಸೇರಲು ಎಂಟು ಹತ್ತು ನಿಮಿಷ. ಆರೇಳು ಮಂದಿ ಊಟಕ್ಕೆ ಎದ್ದವರು ಬರುತ್ತಲೇ ಇರಲಿಲ್ಲ. ಕೊನೆಗೆ ತಿಂಗಳಿಗೆ ಸಾವಿರದ ಮುನ್ನೂರು ಚಿಲ್ಲರೆ ಕಟ್ಟಿ ಪ್ಲಾನ್ ತಗೊಂಡೆ. ನನ್ನ ಫೋನಿನಿಂದ ರೂಮ್ ಮಾಡಲು ಬರಲಿಲ್ಲ, ಹಾಗಾಗಿ ಹುಬ್ಬಳ್ಳಿಗೆ ಹೋಗಿ ಹಳೇ ಲ್ಯಾಪ್‌ಟಾಪ್ ತಂದೆ, ಸುಮಾರು 19 ಸಾವಿರ. ಕರೆಂಟ್ ಹೋದರೆ ಅಂತ ಇನ್ವರ್ಟರ್ ಬ್ಯಾಟರಿ, ಅದೊಂದು 14 ಸಾವಿರ. ಫೀ ಎರಡು ತಿಂಗಳಿಗೆ 1,500 ಇತ್ತು. ಮೊದಲ ಬ್ಯಾಚಿನಲ್ಲಿ 11 ಮಂದಿ ದುಡ್ಡು ವಾಪಸ್ ಕೇಳಿದರು. ಏಳು ಮಂದಿಗೆ ಪೂರ್ತಿ ಕೊಟ್ಟೆ, ಉಳಿದವರನ್ನು ಮುಂದಿನ ಬ್ಯಾಚಿಗೆ ಒಪ್ಪಿಸಿದೆ. ಒಬ್ಬರ ತಂದೆ ಫೋನ್ ಮಾಡಿ, “ರೊಕ್ಕ ಕೊಟ್ಟು ನಮ್ಮ ಹುಡುಗಿ ತಾನ ಮಾತಾಡೂದಂದ್ರ, ನೀವೇನ್ ಮಾಡ್ತೀರಿ?” ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಮನೆಯವರು ಲೆಕ್ಕದ ಪುಸ್ತಕ ನೋಡಿ, “ಇದರ ಬದ್ಲಿ ಒಂದ್ ಎಮ್ಮಿ ಕಟ್ಟಿದ್ರ ಹಾಲರೆ ಬರ್ತಿತ್ತು” ಅಂದರು.

ಬದಲಾದದ್ದು ನನ್ನದೇ ಒಂದು ತಪ್ಪಿನಿಂದ. ಅವತ್ತಿನ ವಿಷಯ ಮಹಾದಾಯಿ, ಕರ್ನಾಟಕ-ಗೋವಾ ನಡುವಿನ ನದಿ ನೀರಿನ ಜಗಳ. ನಾಲ್ಕು ಪುಟದ ನೋಟ್ಸನ್ನು ಗುಂಪಿನ ಎಲ್ಲರಿಗೂ ಕಳಿಸಬೇಕಿತ್ತು. ಅವಸರದಲ್ಲಿ ಒಂದು ಗುಂಪಿನವರಿಗೆ ತಲಾ ಒಂದೊಂದು ಪುಟ ಹೋಗಿತ್ತು. ಆ ಗುಂಪಿನಲ್ಲಿ ಅವತ್ತು ಬಂದಿದ್ದವರೇ ನಾಲ್ಕು ಮಂದಿ. ಉಳಿದ ರೂಮುಗಳಲ್ಲಿ ಎಂದಿನ ಮೌನ. ಆ ರೂಮಿಗೆ ಹೋದರೆ ಸಂತೆ! “ನಿನ್ನ ಕಡೆ ಎಷ್ಟು ಟಿಎಂಸಿ ಅಂತ ಐತಿ?” “ತಡಿಯೋ, ಗೋವಾದವರದ್ದು ನನ್ನ ಕಡೆ ಐತಿ.” ರೂಮ್ ಬಂದ್ ಮಾಡುತ್ತೇನೆ ಅಂದರೂ ಬಿಡಲಿಲ್ಲ.

ಅವತ್ತು ರಾತ್ರಿ ಕೂತು ಆ ನೋಟ್ಸನ್ನು ನಾಲ್ಕು ಚೀಟಿ ಮಾಡಿದೆ. ಒಂದರಲ್ಲಿ 2018ರ ಆಗಸ್ಟಿನ ನ್ಯಾಯಮಂಡಳಿ ತೀರ್ಪು: ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ, ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. ಇನ್ನೊಂದರಲ್ಲಿ ನರಗುಂದ-ನವಲಗುಂದದ ರೈತನ ಮಾತು, 1980ರ ರೈತ ಬಂಡಾಯದಿಂದ ಹಿಡಿದು. ಮೂರನೆಯದರಲ್ಲಿ ಗೋವಾದ ವಾದ, ನಾಲ್ಕನೆಯದರಲ್ಲಿ ಅವಳಿ ನಗರದ ಕುಡಿಯುವ ನೀರು ಮತ್ತು ಖಾನಾಪುರದ ಕಾಡು. ತನ್ನ ಚೀಟಿಯ ಪರವಾಗಿಯೇ ಮಾತಾಡಬೇಕು, ಚೀಟಿಯ ಫೋಟೊ ಬೇರೆಯವರಿಗೆ ಕಳಿಸುವಂತಿಲ್ಲ, ಬಾಯಿಂದಲೇ ಹೇಳಬೇಕು.

ಗೋವಾ ಚೀಟಿ ನವಲಗುಂದ ಕಡೆಯ ಒಬ್ಬ ಹುಡುಗನಿಗೆ ಬಿತ್ತು. ನನಗೆ ವೈಯಕ್ತಿಕವಾಗಿ ಮೆಸೇಜ್ ಮಾಡಿದ: “ಮೇಡಮ್, ಬ್ಯಾರೆ ಕೊಡ್ರಿ. ನಮ್ಮಪ್ಪ ಕೇಳಿಸ್ಕೊಂಡ್ರ ಮನಿ ಬಿಟ್ಟು ಹೊರಗ ಹಾಕ್ತಾನ್ರಿ.” ಕೊಡಲಿಲ್ಲ. ಅವನು ಫೋನ್ ಹಿಡಿದು ದನದ ಕೊಟ್ಟಿಗೆಗೆ ಹೋದ. ಅಲ್ಲಿ ಕೂತು ಪಿಸುದನಿಯಲ್ಲಿ ಗೋವಾದ ಪರ ವಾದ ಮಾಡಿದ, ನಡುನಡುವೆ ಎಮ್ಮೆ ಒದರುತ್ತಿತ್ತು. ಆ ವಾರ ಬಂದ ಪ್ರಬಂಧಗಳಲ್ಲಿ ಅವನದೇ ಚಲೋ ಇತ್ತು. ಎರಡೂ ಕಡೆ ತೂಗಿ ಬರೆದಿದ್ದ.

ಬಿ.ಇಡಿ ಮಾಡಿದವರು ಇಷ್ಟು ಹೊತ್ತಿಗೆ “ಇದು ಜಿಗ್ಸಾ ಅಲ್ವಾ” ಅಂತಿರುತ್ತೀರಿ. ಹೌದು, ನನಗೂ ಆಮೇಲೆ ಒಬ್ಬರು ಹೇಳಿದರು. ಒಬ್ಬೊಬ್ಬರಿಗೆ ಪಾಠದ ಒಂದೊಂದು ತುಂಡು ಕೊಟ್ಟು ಕಲಿಸುವ ಈ ವಿಧಾನವನ್ನು 1971ರಲ್ಲಿ ಎಲಿಯಟ್ ಆರನ್ಸನ್ ಅನ್ನೋರು ಅಮೆರಿಕದ ಆಸ್ಟಿನ್ ಶಾಲೆಗಳಲ್ಲಿ ಮಾಡಿದ್ದು ಅಂತೆ. ಇರಲಿ. ಅವರ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿದ್ದರು. ನನ್ನವರು ಕೊಟ್ಟಿಗೆಯಲ್ಲಿ, ಮಾಳಿಗೆ ಮೇಲೆ, ಬಸ್ಸಿನಲ್ಲಿ ಇರುತ್ತಾರೆ.

ನಾಲ್ಕೇ ಯಾಕೆ ಅಂದರೆ, ಒಬ್ಬರ ನೆಟ್ ಹೋಗುವುದು ಗ್ಯಾರಂಟಿ. ನಾಲ್ಕರಲ್ಲಿ ಒಬ್ಬರು ಹೋದರೆ ಮೂವರಲ್ಲೂ ಚರ್ಚೆ ನಡೆಯುತ್ತದೆ. ಮೂವರಲ್ಲಿ ಒಬ್ಬರು ಹೋದರೆ ಉಳಿದಿಬ್ಬರು ಊರಿನ ಸುದ್ದಿ ಮಾತಾಡುತ್ತಾರೆ. ಐದು ಮಾಡಿದರೆ ಒಬ್ಬ ಸುಮ್ನೆ ಕೂರುತ್ತಾನೆ, ಎಷ್ಟು ಸಲ ನೋಡಿದರೂ ಇದೇ. ಸಮಯ 11 ನಿಮಿಷ. 15 ಕೊಟ್ಟಾಗ 12ನೇ ನಿಮಿಷಕ್ಕೆ ಕೀ ಆನ್ಸರ್, ಕಟಾಫ್ ಕಡೆ ಮಾತು ಹೊರಳುತ್ತಿತ್ತು. 8 ಕೊಟ್ಟಾಗ ನಾಲ್ಕನೇ ಚೀಟಿಯವರಿಗೆ ಸರದಿಯೇ ಬರುತ್ತಿರಲಿಲ್ಲ. 9ನೇ ನಿಮಿಷಕ್ಕೆ ಎಲ್ಲ ರೂಮಿಗೂ ಒಂದು ಸಾಲಿನ ಮೆಸೇಜ್ ಹಾಕುತ್ತೇನೆ.

ಇನ್ನು ಮುಖ್ಯ ಮಾತು. ಎಲ್ಲರೂ ವಾಪಸ್ ಬಂದ ಮೇಲೆ ಗುಂಪಿಗೊಬ್ಬರ ಹೆಸರು ಲಾಟರಿ ಎತ್ತುತ್ತೇನೆ. ಅವರು ತಮ್ಮ ಚೀಟಿಯ ಮಾತು ಹೇಳುವಂತಿಲ್ಲ. ಪಕ್ಕದವರ ಚೀಟಿಯ ಮಾತು ಹೇಳಬೇಕು. ಯಾರ ಹೆಸರು ಬರುತ್ತದೋ ಗೊತ್ತಿಲ್ಲ, ಹಾಗಾಗಿ ಎಲ್ಲರೂ ಕಿವಿಗೊಟ್ಟು ಕೇಳಲೇಬೇಕು. ಮೊದಲ ವಾರ ಐದಾರು ಮಂದಿ ತಡವರಿಸಿ ನಗೆಪಾಟಲಾದರು. ಎರಡನೇ ವಾರದಿಂದ ರೂಮಿನೊಳಗೆ “ಇನ್ನೊಮ್ಮೆ ಹೇಳು, ಬರ್ಕೋತೀನಿ” ಅನ್ನೋದು ಕೇಳತೊಡಗಿತು.

ಗುಂಪುಗಳನ್ನು ಆರು ವಾರ ಬದಲಿಸುವುದಿಲ್ಲ. ದಿನಕ್ಕೊಂದು ಹೊಸ ಗುಂಪು ಮಾಡಿದರೆ ಪರಿಚಯ ಮಾಡಿಕೊಳ್ಳುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಯಾರನ್ನು ಯಾರ ಜೊತೆ ಹಾಕಬೇಕು ಅನ್ನೋದಕ್ಕೆ ಸೇರುವ ದಿನವೇ ಒಂದು ಪ್ರಶ್ನೆ ಕೇಳುತ್ತೇನೆ. ಓದಿಗೂ ಅದಕ್ಕೂ ಸಂಬಂಧವಿಲ್ಲ. ಆ ಪ್ರಶ್ನೆ ಯಾವುದು ಅಂತ ಇಲ್ಲಿ ಹೇಳಲ್ಲ, ಅದೊಂದು ನನ್ನ ಹತ್ತಿರ ಇರಲಿ. ಗುಂಪುಗಳನ್ನು ಮೊದಲೇ ಜೋಡಿಸಿಡಲು ಎಲ್ಲರ ಇಮೇಲ್ ಬೇಕಾಗುತ್ತದೆ, ನಮ್ಮವರು ಮನೆಯ ಯಾರದ್ದೋ ಫೋನಿನಿಂದ ಬರುತ್ತಾರೆ. ಅದಕ್ಕೇ ಹೆಸರಿನ ಮುಂದೆ ಗುಂಪಿನ ನಂಬರ್ ಹಾಕಿಕೊಳ್ಳಲು ಹೇಳಿ, ಕೈಯಿಂದಲೇ ಹಾಕುತ್ತೇನೆ. ಎರಡು ನಿಮಿಷದ ಕೆಲಸ.

ಮೊದಲ ನಾಲ್ಕು ನಿಮಿಷ ಯಾವ ರೂಮಿಗೂ ಹೋಗಬೇಡಿ. ಕಟ್ಟೆ ಮೇಲೆ ಕೂತವರ ನಡುವೆ ಹೆಡ್‌ಮಾಸ್ತರ್ ಬಂದಂಗೆ ಆಗುತ್ತದೆ. ನಾನು ಜಾಣತನ ಮಾಡಲು ಹೋಗಿ ಎರಡನೇ ಫೋನಿನಿಂದ ‘ಸಾವಿತ್ರಿ, ರೋಣ’ ಅಂತ ಹೆಸರು ಹಾಕಿಕೊಂಡು ಒಂದು ಗುಂಪಿಗೆ ಸೇರಿದ್ದೆ. ಎರಡನೇ ದಿನ ನಮ್ಮ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಎರಡೂ ಕಡೆಯಿಂದ ಒಂದೇ ಸೀಟಿ ಕೇಳಿಸಿತಂತೆ. ಇವತ್ತಿಗೂ ಆ ಬ್ಯಾಚಿನವರು ನನ್ನನ್ನು ಸಾವಿತ್ರಕ್ಕ ಅನ್ನುತ್ತಾರೆ.

ಇನ್ನೊಂದು ಅಡ್ಡಿ ಭಾಷೆಯದ್ದು. ಮೈಕ್ ಆನ್ ಆದ ಕೂಡಲೇ ಎಲ್ಲರೂ ಪುಸ್ತಕದ ಕನ್ನಡ ಮಾತಾಡಲು ಹೋಗಿ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತಿದ್ದರು. “ರೂಮಿನ್ಯಾಗ ಮನಿ ಮಾತು ಆಡ್ರಿ, ಹಾಳಿ ಮ್ಯಾಲ ಪುಸ್ತಕದ್ದು ಬರೀರಿ” ಅಂದೆ. ಅವತ್ತೇ ಮಾತು ದುಪ್ಪಟ್ಟಾಯಿತು.

ಹುಡುಗಿಯರದ್ದು ಬೇರೆ ತೊಂದರೆ. 32ರಲ್ಲಿ ಸುಮಾರು 14 ಮಂದಿ ಹೆಣ್ಣುಮಕ್ಕಳು, ನಾಲ್ಕೈದು ಮಂದಿಗೆ ಮದುವೆಯಾಗಿದೆ. ಹಾವೇರಿ ಕಡೆಯ ಒಬ್ಬಾಕೆ ಬೇಸಿಗೆಯಲ್ಲಿ ಮಾಳಿಗೆ ಹತ್ತಿ ಮಾತಾಡುತ್ತಿದ್ದಳು. ಮಳೆ ಶುರುವಾದ ಮೇಲೆ ಮೌನ. ಅತ್ತೆ ಕೂತ ಪಡಸಾಲೆಯಲ್ಲಿ ಜೋರಾಗಿ ವಾದ ಮಾಡುವುದು ಹೇಗೆ ಹೇಳಿ? ಅವಳಿಗೆ ಟೈಪ್ ಮಾಡುವ ಸರದಿ ಕೊಟ್ಟೆ. ಅವಳು ಚಾಟಿನಲ್ಲಿ ಬರೆದದ್ದನ್ನು ಗುಂಪಿನಲ್ಲಿ ಒಬ್ಬರು ಗಟ್ಟಿಯಾಗಿ ಓದಲೇಬೇಕು. ಇದು ಕನಿಕರಕ್ಕೆ ಮಾಡಿದ್ದು. ಆದರೆ ಬರೆದ ಮಾತು ಬಿಗಿಯಾಗಿರುತ್ತದಲ್ಲ, ಉಳಿದ ಮೂವರ ಪ್ರಬಂಧದಲ್ಲೂ ಅವಳ ಸಾಲುಗಳೇ ಕಾಣತೊಡಗಿದವು. ಈಗ ವಾರಕ್ಕೊಬ್ಬರು ಸರದಿ ಮೇಲೆ ಟೈಪ್ ಮಾಡುತ್ತಾರೆ, ಗಂಡುಹುಡುಗರೂ.

ನೆಟ್ ಹೋದಾಗ ಏನು? ರೂಮಿನಿಂದ ಬಿದ್ದವರು ಮೇನ್ ರೂಮಿನಲ್ಲಿ ಅನಾಥರಂತೆ ನಿಂತಿರುತ್ತಿದ್ದರು, ಅವರನ್ನು ಹುಡುಕಿ ಮತ್ತೆ ಹಾಕುವುದರಲ್ಲಿ 11 ನಿಮಿಷ ಮುಗಿದಿರುತ್ತಿತ್ತು. ಈಗ ಗುಂಪಿಗೊಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಒಬ್ಬರು ಬಿದ್ದರೂ ಸಾಕು, ನಾಲ್ವರೂ ಅಲ್ಲಿ ವಾಯ್ಸ್ ಕಾಲ್‌ಗೆ ಹೋಗಬೇಕು. ಮುಂಡರಗಿ ಕಡೆಯವರ ಗುಂಪಂತೂ ರೂಮ್ ಬಿಟ್ಟೇಬಿಟ್ಟಿದೆ, ನೇರ ಕಾಲ್. ನಾನೂ ಏನೂ ಅನ್ನುವುದಿಲ್ಲ. ದುಡ್ಡು ಕೊಟ್ಟು ಪ್ಲಾನ್ ಯಾಕೆ ಬೇಕು ಅಂತ ಮನೆಯವರು ಕೇಳುತ್ತಾರೆ. 90 ನಿಮಿಷದ ಕ್ಲಾಸ್ ತುಂಡಾಗಬಾರದಲ್ಲ, ಅದಕ್ಕೆ.

ಎಲ್ಲ ವಿಷಯಕ್ಕೂ ಚೀಟಿ ಹೊಂದಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಪ್ರತ್ಯೇಕ ಲೇನಿನಲ್ಲಿ ಓಡುವ ಚಿಗರಿ ಬಸ್ಸಿನ ಮೇಲೆ ಮಾಡಿದ್ದು ಭರ್ಜರಿಯಾಗಿ ನಡೆಯಿತು. ಬಸ್ ಲೇನ್ ಪಕ್ಕದ ಅಂಗಡಿಯವನು, ದಿನಾ ಹುಬ್ಬಳ್ಳಿಗೆ ಹೋಗುವ ವಿದ್ಯಾರ್ಥಿನಿ, ಆಟೋದವನು, ಪಾಲಿಕೆ ಎಂಜಿನಿಯರ್, ಹೀಗೆ ನಾಲ್ಕು. ಆದರೆ ಸಹಕಾರಿ ಚಳವಳಿ ಮಕಾಡೆ ಮಲಗಿತು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು, ಎಲ್ಲ ಚೀಟಿಯಲ್ಲೂ ಒಳ್ಳೆ ಮಾಹಿತಿಯೇ. ನಾಲ್ವರೂ ಹೊಗಳಿ ಮೂರು ನಿಮಿಷಕ್ಕೆ ಮುಗಿಸಿದರು. ತಪ್ಪು ನನ್ನದು, ಚೀಟಿಗಳ ನಡುವೆ ಜಗಳವೇ ಇರಲಿಲ್ಲ. ಮುಂದಿನ ವಾರ ಅದನ್ನೇ “ನಿಮ್ಮೂರ ಸೊಸೈಟಿಯಲ್ಲಿ ನಿಮ್ಮ 10 ಸಾವಿರ ಇಡ್ತೀರೋ ಇಲ್ವೋ” ಅಂತ ತಿರುಗಿಸಿದೆ. ಹತ್ತು ಗಂಟೆಯಾದರೂ ಕ್ಲಾಸ್ ಮುಗಿಯಲಿಲ್ಲ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೊದಲೆಲ್ಲ 32 ಮಂದಿ ಸೇರಿದರೆ ಕೊನೆಗೆ ಉಳಿಯುತ್ತಿದ್ದವರು 15. ಕಳೆದ ಎರಡು ಬ್ಯಾಚಿನಲ್ಲಿ 26, 27 ಮಂದಿ ಉಳಿದರು. ವಾಪಸ್ ಕೇಳಿದವರು ಒಬ್ಬರೇ, ಅದೂ ಕೆಲಸ ಸಿಕ್ಕಿದ್ದಕ್ಕೆ. ಫೀ 1,800 ಮಾಡಿದ್ದೇನೆ, ಯಾರೂ ಕೊಸರಾಡಲಿಲ್ಲ. ಲ್ಯಾಪ್‌ಟಾಪ್, ಬ್ಯಾಟರಿ ದುಡ್ಡು ವಾಪಸ್ ಬಂತು. ಪ್ರಬಂಧದ ಅಂಕಗಳೂ ಏರಿವೆ, ಆದರೆ ತಿದ್ದುವವಳು ನಾನೇ, ಅದನ್ನು ಅರ್ಧ ನಂಬಿ. ಅರ್ಥಶಾಸ್ತ್ರದ ಸರ್ ಮೊನ್ನೆ ಚಹಾ ಕುಡಿಸಿ, “ಆ ಚೀಟಿ ಒಂದೆರಡ್ ಸೆಟ್ ಕೊಡ್ರಲಾ” ಅಂದರು. ಮಹಾದಾಯಿ ಮತ್ತು ಬಸ್ಸಿಂದು ಕೊಟ್ಟೆ. ಒಂದು ಸೆಟ್ ಮಾಡಲು ನನಗೆ ಎರಡು ರಾತ್ರಿ ಹಿಡಿಯುತ್ತದೆ, ಉಳಿದ ಹತ್ತನ್ನು ಅಷ್ಟು ಸುಲಭಕ್ಕೆ ಕೊಡಲ್ಲ.

ಈಗ ಸಾರಾಂಶ ಬರೆಯುವುದಕ್ಕೂ ಇದನ್ನೇ ಹಚ್ಚಲು ನೋಡುತ್ತಿದ್ದೇನೆ. ಒಂದು ಪರಿಚ್ಛೇದವನ್ನು ಇಬ್ಬರಿಗೆ ಅರ್ಧರ್ಧ ಕೊಟ್ಟು, ಒಬ್ಬರು ಫೋನಿನಲ್ಲಿ ಹೇಳಿದ್ದನ್ನು ಇನ್ನೊಬ್ಬರು ಮೂರನೇ ಒಂದು ಭಾಗಕ್ಕೆ ಇಳಿಸಬೇಕು. ಎರಡು ವಾರವಾಯಿತು, ಹಳಿಗೆ ಬಂದಿಲ್ಲ. ಹೇಳುವವರು ಪೂರ್ತಿ ಓದಿಬಿಡುತ್ತಾರೆ, ಬರೆಯುವವರು ಪೂರ್ತಿ ಬರೆದುಬಿಡುತ್ತಾರೆ. ಸೋಮವಾರ ಹೇಳುವವರಿಗೆ ಒಂದೇ ಸಲ ಓದಿಕೊಂಡು ಚೀಟಿ ಮಡಚಿಡಲು ಹೇಳಿ ನೋಡುತ್ತೇನೆ.