ಮನೆಯಲ್ಲಿ ರೆಕಾರ್ಡಿಂಗ್‌ಗೆ ಸೌಂಡ್ ಕಾರ್ಡ್: ನಾನು ಆರಿಸಿದ ಬಗೆ

ಮೈಕ್, ವಾದ್ಯಗಳನ್ನು ಲ್ಯಾಪ್‌ಟಾಪ್‌ಗೆ ಯುಎಸ್‌ಬಿಯಲ್ಲಿ ಜೋಡಿಸುವ ಪೆಟ್ಟಿಗೆಯನ್ನೇ ಇಲ್ಲಿ ಸೌಂಡ್ ಕಾರ್ಡ್ ಎನ್ನುತ್ತಿದ್ದೇನೆ. ನಾನು ಮೊದಲು ಎಣಿಸಿದ್ದು ಒಟ್ಟಿಗೆ ಎಷ್ಟು ಮೈಕ್ ಬೇಕಾಗುತ್ತದೆ ಎಂಬುದನ್ನು. ಹಾಡಿಗೆ ಒಂದು ಸಾಕು. ಮೃದಂಗಕ್ಕೆ ಬಲಗಡೆ ಮುಖಕ್ಕೊಂದು, ಎಡಗಡೆ ಮುಖಕ್ಕೊಂದು ಬೇಕು. ಅದಕ್ಕೇ ಎರಡು ಪ್ರೀಆಂಪ್ (ಮೈಕ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಭಾಗ) ಇರುವ, ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ 2ಐ2 ಕಾರ್ಡ್ ತೆಗೆದುಕೊಂಡೆ. ಅದೇ ಸಾಲಿನ ಸೋಲೊದಲ್ಲಿ ಮೈಕ್ ಪ್ರೀಆಂಪ್ ಒಂದೇ. ಡಬ್ಬದ ಮೇಲಿನ 192 ಕಿಲೊಹರ್ಟ್ಸ್ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಾವಿರ ಸಲ ದನಿಯನ್ನು ಅಳೆಯುತ್ತದೆ ಎಂಬ ಲೆಕ್ಕ) ನೋಡಿ ದುಡ್ಡು ಸುರಿಯಬೇಕಿಲ್ಲ. 24 ಬಿಟ್, 48 ಕಿಲೊಹರ್ಟ್ಸ್‌ನಲ್ಲೇ ಕೆಲಸ ಚೆನ್ನಾಗಿ ನಡೆಯುತ್ತದೆ, ಫೈಲೂ ನಾಲ್ಕರಲ್ಲೊಂದು ಪಾಲು.

ಆಮೇಲೆ ಗೇನ್, ಅಂದರೆ ಮೈಕ್‌ನ ಸಿಗ್ನಲನ್ನು ಕಾರ್ಡ್ ಎಷ್ಟು ಹಿಗ್ಗಿಸಬಲ್ಲದು ಎಂಬುದು. ಶೂರ್ ಎಸ್‌ಎಂ7ಬಿಯಂಥ ಡೈನಮಿಕ್ (ಹೊರಗಿನ ಕರೆಂಟು ಬೇಡದ) ಮೈಕ್‌ಗೆ ಕನಿಷ್ಠ 60 ಡೆಸಿಬಲ್ ಬೇಕು. ಅಷ್ಟು ಕೊಡದ ಕಾರ್ಡ್‌ನಲ್ಲಿ ನಾಬ್ ಪೂರ್ತಿ ತಿರುಗಿಸಿದರೂ ದನಿ ಸಣ್ಣದು, ಹಿಂದೆ ಸುಯ್ಯೆನ್ನುವ ಸದ್ದು. ಕಂಡೆನ್ಸರ್ ಮೈಕ್‌ಗಾದರೆ 48 ವೋಲ್ಟ್ ಫ್ಯಾಂಟಮ್ (ಕೇಬಲ್‌ನಲ್ಲೇ ಮೈಕ್‌ಗೆ ಹೋಗುವ ಕರೆಂಟು) ಇರಲೇಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುವ ಪುಟ್ಟ ಯುಎಸ್‌ಬಿ ಡಾಂಗಲ್‌ಗಳಲ್ಲಿ ಇವೆರಡೂ ಇಲ್ಲ.

ವೀಣೆಯ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಅಂಟಿಸುವ ಪೀಜೊ ಪಿಕಪ್ (ವಾದ್ಯದ ಕಂಪನವನ್ನು ಸಿಗ್ನಲ್ ಮಾಡುವ ಬಿಲ್ಲೆ) ಅನ್ನು ಲೈನ್ ಇನ್‌ಪುಟ್‌ಗೆ ಕೊಟ್ಟರೆ ಮಂದ್ರದ ತಂತಿಯ ತುಂಬುದನಿ ಹೋಗಿ ತಗಡು ಬಡಿದ ಹಾಗೆ ಕೇಳುತ್ತದೆ. ಪೀಜೊ ಕೆಪಾಸಿಟರ್‌ನಂತೆ ವರ್ತಿಸುತ್ತದೆ. ಲೈನ್ ಇನ್‌ಪುಟ್‌ನ ಕಡಿಮೆ ಇಂಪೀಡೆನ್ಸ್ (ವಿದ್ಯುತ್ ತಡೆ) ಕೆಳಸ್ವರಗಳನ್ನು ಸೋಸಿಬಿಡುತ್ತದೆ. ‘ಇನ್‌ಸ್ಟ್’ (ಇನ್‌ಸ್ಟ್ರುಮೆಂಟ್) ಗುಂಡಿ ಒತ್ತಿದರೆ ಇನ್‌ಪುಟ್ ಸುಮಾರು 1 ಮೆಗಾ ಓಮ್ ಆಗುತ್ತದೆ, ನಾದ ತುಂಬಿಕೊಂಡು ಬರುತ್ತದೆ. ಈ ಗುಂಡಿ ಇದೆಯೇ ಎಂದು ನೋಡದೆ ಕೊಳ್ಳಬೇಡಿ.

ವಿಂಡೋಸ್‌ನಲ್ಲಿ ಕಂಪನಿಯದೇ ಎಎಸ್‌ಐಒ ಡ್ರೈವರ್ (ದನಿ ತಡವಾಗದಂತೆ ಕಾರ್ಡನ್ನು ನಡೆಸುವ ತಂತ್ರಾಂಶ) ಹಾಕಿ. 48 ಕಿಲೊಹರ್ಟ್ಸ್‌ನಲ್ಲಿ ಬಫರ್ (ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸ್ಯಾಂಪಲ್‌ಗಳ ಸಂಖ್ಯೆ) 128 ಎಂದರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್. 1024ಕ್ಕೆ 21, ಹೋಗಿಬರುವಷ್ಟರಲ್ಲಿ 40 ದಾಟುತ್ತದೆ, ಹೆಡ್‌ಫೋನಿನಲ್ಲಿ ನಮ್ಮ ದನಿ ಹಿಂದೆ ಬಿದ್ದು ತಾಳ ಕೈತಪ್ಪುತ್ತದೆ. ಹಾಡುವಾಗ 128, ಮಿಕ್ಸ್ ಮಾಡುವಾಗ 1024 ಇಟ್ಟುಕೊಳ್ಳುತ್ತೇನೆ. 128ರಲ್ಲಿ ಚಟಪಟ ಸದ್ದು ಬಂದರೆ ಕಾರ್ಡ್ ಬದಲಿಸುವ ಮೊದಲು ವೈಫೈ ಆಫ್ ಮಾಡಿ, ಯುಎಸ್‌ಬಿ ಹಬ್ ಬಿಟ್ಟು ನೇರ ಲ್ಯಾಪ್‌ಟಾಪ್‌ಗೇ ಸಿಕ್ಕಿಸಿ ನೋಡಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಸ್ಪೀಕರ್‌ನಲ್ಲಿ ಗುಂಯ್ ಎನ್ನುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಕೇಳಿ. ನಿಂತಿತೇ? ಅದು ಗ್ರೌಂಡ್ ಲೂಪ್ (ಸಾಧನಗಳು ಎರಡು ದಾರಿಯಲ್ಲಿ ಅರ್ತ್‌ಗೆ ಸೇರಿ ಹುಟ್ಟುವ ಸದ್ದು), ಕಾರ್ಡಿನ ತಪ್ಪಲ್ಲ. ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಅರ್ತ್ ಇರುವ ಒಂದೇ ಎಕ್ಸ್‌ಟೆನ್ಶನ್‌ಗೆ ಹಾಕಿ, ಸ್ಪೀಕರ್‌ಗೆ ಬ್ಯಾಲೆನ್ಸ್ಡ್ ಟಿಆರ್‌ಎಸ್ (ಹೊರಗಿನ ಸದ್ದು ನುಸುಳದ) ಕೇಬಲ್ ಕೊಡಿ. ಸದ್ದು ನಿಲ್ಲಲೆಂದು ಅರ್ತ್ ಪಿನ್ ಮುರಿಯುವುದು ಮಾತ್ರ ಬೇಡವೇ ಬೇಡ, ಜೀವಕ್ಕೇ ಅಪಾಯ. ಕರೆಂಟು ಹೋಗಿ ಮನೆ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುವಾಗಲೂ ಇದೇ ಗುಂಯ್ ಬರಬಹುದು. ಆಗ ನಾನು ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ, ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡುತ್ತೇನೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಲ್ಯಾಪ್‌ಟಾಪ್, ಮೈಕ್, ಹೆಡ್‌ಫೋನ್ ಒಯ್ಯಿರಿ. ಗೇನ್ ಮುಕ್ಕಾಲು ಏರಿಸಿ, ಸುಮ್ಮನೆ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಜೋರಾಗಿಟ್ಟು ಕೇಳಿ. ಹಿಂದಿನ ಸುಯ್ ಸದ್ದು ಎಷ್ಟಿದೆ ಎಂದು ಗೊತ್ತಾಗುತ್ತದೆ.