ಹಳೇ ಸ್ಪೋರ್ಟ್ಸ್ ಕಾರಿಗೆ ಪವರ್ ಹೆಚ್ಚಿಸಬೇಕಾ? ಮೊದಲ ದುಡ್ಡು ಎಲ್ಲಿಗೆ ಹಾಕಬೇಕು ನೋಡಿ

ಹೋಂಡಾ ಸಿಟಿ ವಿಟೆಕ್, ಪಾಲಿಯೊ 1.6, ಆಕ್ಟೇವಿಯಾ ಆರ್‌ಎಸ್. ಇಪ್ಪತ್ತು ವರ್ಷ ದಾಟಿದ ಇಂಥ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಮೈಸೂರು, ಮಂಡ್ಯ ಕಡೆ ಈಗಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಕೇಳುವುದು ಎರಡೇ: ಯಾವ ಎಕ್ಸಾಸ್ಟ್ ಹಾಕಿಸಲಿ, ರಿಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಎಲ್ಲಿ ಮಾಡಿಸಲಿ? ಎರಡೂ ಕೊನೆಗೆ ಇರಲಿ. ಹಳೇ ಇಂಜಿನ್ ಉಳಿಯುವುದೂ ಹಾಳಾಗುವುದೂ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನೋದರ ಮೇಲೆ.

ಕಾರನ್ನು ಎಲ್ಲಿ ಓಡಿಸುತ್ತೀರಿ ಅಂತ ಮೊದಲು ತೀರ್ಮಾನ ಮಾಡಿ. ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100 ಕಿ.ಮೀ., ಮೇಲೆ ಕ್ಯಾಮೆರಾ ಬೇರೆ. ಅಲ್ಲಿಗೆ ಅಂತ ಟಾಪ್ ಸ್ಪೀಡ್ ಹೆಚ್ಚಿಸಿಕೊಂಡು ಪ್ರಯೋಜನ ಇಲ್ಲ. ಚಾಮುಂಡಿ ಬೆಟ್ಟದ ರಸ್ತೆ, ಊಟಿ ಘಾಟಿ ನಿಮ್ಮ ಖುಷಿ ಅನ್ನೋದಾದರೆ ಎರಡನೇ, ಮೂರನೇ ಗೇರಿನಲ್ಲಿ ಎಳೆಯುವ ಶಕ್ತಿ ಬೇಕು. ದಪ್ಪ ಪೈಪಿನ ಎಕ್ಸಾಸ್ಟ್, ರೇಸ್ ಕ್ಯಾಮ್‌ಶಾಫ್ಟ್ ಹಾಕಿದರೆ ಪವರ್ ಮೇಲಿನ ಆರ್‌ಪಿಎಂಗೆ ಹೋಗಿಬಿಡುತ್ತದೆ, ಕೆಳಗಿನ ಪಿಕಪ್ ಸಾಯುತ್ತದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಟ್ರ್ಯಾಕ್ ಓಡಿಸಲು ಹೋಗುವವರ ಲೆಕ್ಕ ಬೇರೆ.

ಇನ್ನು ಇಂಜಿನ್ ಆರೋಗ್ಯ. ಇದಕ್ಕೆ ಆತುರ ಬೇಡ. ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರಿನ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ, ನೀವೂ ಪಕ್ಕದಲ್ಲೇ ನಿಂತು ನೋಡಿ. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಪೆಟ್ರೋಲ್ ಮತ್ತು ಇಗ್ನಿಷನ್ ಎರಡನ್ನೂ ಕಟ್ ಮಾಡಿರಬೇಕು, ಆಕ್ಸಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಪ್ರತಿ ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಮ್ಯಾನುಯಲ್ ಹೇಳಿದ ಕನಿಷ್ಠಕ್ಕಿಂತ ಮೇಲಿರಬೇಕು, ಒಂದಕ್ಕೂ ಇನ್ನೊಂದಕ್ಕೂ ಶೇ 10–15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಒಂದರಲ್ಲಿ ಕಡಿಮೆ ಬಂತಾ? ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಬೇಕು. ಬಿಚ್ಚಿದ ಪ್ಲಗ್‌ಗಳನ್ನೂ ಸಾಲಾಗಿ ಇಟ್ಟು ನೋಡಿ: ತುದಿ ತಿಳಿ ಕಂದು ಇದ್ದರೆ ಚೆನ್ನಾಗಿದೆ, ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಉರಿಯುತ್ತಿದೆ, ಬೆಳ್ಳಗೆ ಗುಳ್ಳೆ ಎದ್ದಿದ್ದರೆ ಇಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಅಂತ ಬಿಲ್ ಇಲ್ಲವಾ? ಹಾಗಾದರೆ ಬದಲಾಗಿಲ್ಲ ಅಂತಲೇ ತಿಳಿದುಕೊಂಡು ಹೊಸದು ಹಾಕಿಸಿ.

ಪೆಟ್ರೋಲಿನ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಸೇರಿದ ಪೆಟ್ರೋಲ್. ನಿಮ್ಮ ಕಾರು ತಯಾರಾದ ಕಾಲಕ್ಕೆ ಇದು ಇರಲಿಲ್ಲ. ಶುದ್ಧ ಪೆಟ್ರೋಲಿಗೆ ಗಾಳಿಯ ಪ್ರಮಾಣ 14.7ಕ್ಕೆ 1 ಆದರೆ, ಇದಕ್ಕೆ ಸುಮಾರು 13.5ಕ್ಕೆ 1. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು. ನಿಧಾನಕ್ಕೆ ಹೋಗುವಾಗ ಎಕ್ಸಾಸ್ಟಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಇಂಜಿನ್ನಿನ ಕಂಪ್ಯೂಟರ್) ತಾನೇ ಸರಿಮಾಡಿಕೊಳ್ಳುತ್ತದೆ. ಪೂರ್ತಿ ಆಕ್ಸಲರೇಟರ್ ಒತ್ತಿದಾಗ ಹಳೇ ಇಸಿಯುಗಳು ಆ ಸೆನ್ಸರಿನ ಮಾತು ಕೇಳುವುದಿಲ್ಲ, ಹಳೇ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತವೆ. ಹೆಚ್ಚು ಲೋಡ್ ಬೀಳುವ ಹೊತ್ತಿಗೇ ಪೆಟ್ರೋಲ್ ಕಡಿಮೆಯಾಗುತ್ತದೆ. ಹಾಗಾಗಿ ರಬ್ಬರ್ ಫ್ಯೂಯಲ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ಪಂಪಿನ ಪ್ರೆಷರ್ ಅಳೆಸಿ, ಇಂಜೆಕ್ಟರ್ ಕ್ಲೀನ್ ಮಾಡಿಸಿ. ಪವರ್ ಮಾತು ಆಮೇಲೆ.

ರೇಡಿಯೇಟರ್, ಥರ್ಮೋಸ್ಟಾಟ್, ಫ್ಯಾನ್, ಟೈರು, ಬ್ರೇಕ್ ಪ್ಯಾಡ್ ಇವೆಲ್ಲ ಗೊತ್ತಿರುವ ಪಟ್ಟಿಯೇ. ಬ್ರೇಕ್ ಆಯಿಲ್ ಬಗ್ಗೆ ಮಾತ್ರ ಹೇಳಲೇಬೇಕು. ಅದು ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದಷ್ಟೂ ಬೇಗ ಕುದಿಯುತ್ತದೆ, ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗುವುದು ಇದರಿಂದಲೂ ಹೌದು. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಈಗ ಪವರ್. ನಿಮ್ಮ ಕಾರಿನಲ್ಲಿ ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇದೆಯಾ ಇಲ್ವಾ ಅನ್ನೋದರ ಮೇಲೆ ಎಲ್ಲ ನಿಂತಿದೆ. ಸಿಟಿ ವಿಟೆಕ್‌ಗೆ ಟರ್ಬೊ ಇಲ್ಲ. 106 ಬಿಎಚ್‌ಪಿಯ ಆ ಇಂಜಿನ್‌ಗೆ ಇನ್‌ಟೇಕ್, ಹೆಡರ್ (ಇಂಜಿನ್ನಿಗೆ ಅಂಟಿದ ಎಕ್ಸಾಸ್ಟ್ ಪೈಪುಗಳು), ಟ್ಯೂನಿಂಗ್ ಎಲ್ಲ ಸೇರಿ ಹತ್ತು ಬಿಎಚ್‌ಪಿ ಏರಿದರೆ ಅದೇ ದೊಡ್ಡದು. ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಸುಮ್ನೆ ಹಾಕಿಸಬೇಡಿ, ಅದು ಇಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ, ನಮ್ಮ ಏಪ್ರಿಲ್ ಬಿಸಿಲಲ್ಲಿ ಇದ್ದ ಪವರ್ ಕೂಡ ಹೋಗುತ್ತದೆ. ಸೌಂಡ್ ಜಾಸ್ತಿ ಆದರೆ ಪವರ್ ಜಾಸ್ತಿ ಆಯಿತು ಅಂತಲ್ಲ. ಆಕ್ಟೇವಿಯಾ ಆರ್‌ಎಸ್‌ನ 150 ಬಿಎಚ್‌ಪಿ ಟರ್ಬೊ ಇಂಜಿನ್‌ಗೆ ಒಳ್ಳೆ ರಿಮ್ಯಾಪ್ ಒಂದರಿಂದಲೇ ಕೈಗೆ ತಿಳಿಯುವಷ್ಟು ವ್ಯತ್ಯಾಸ ಬರುತ್ತದೆ. ಆದರೆ ಹಳೇ ಕ್ಲಚ್ ಆ ಟಾರ್ಕ್ ತಡೆಯಬೇಕಲ್ಲ, ಅದರ ಖರ್ಚನ್ನೂ ಮೊದಲೇ ತೆಗೆದಿಡಿ.

ಕಾನೂನು ಕೂಡ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಬದಲಾಯಿಸುವ ಹಾಗಿಲ್ಲ. ಇಂಜಿನ್ನನ್ನೇ ಬದಲಿಸುವುದಾದರೆ ಆರ್‌ಟಿಒ ಒಪ್ಪಿಗೆ ಮೊದಲು. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.

ಕೊನೆಗೆ ಟ್ಯೂನಿಂಗ್. ಪಾರ್ಟ್ ಹಾಕಿಸುವ ಮೊದಲು ಒಂದು ಸಲ, ಆಮೇಲೆ ಒಂದು ಸಲ ಅದೇ ಡೈನೊದಲ್ಲಿ (ಪವರ್ ಅಳೆಯುವ ಯಂತ್ರ) ಓಡಿಸಿ. ಬೇರೆ ಬೇರೆ ಡೈನೊದ ಅಂಕಿ ಹೋಲಿಸಿದರೆ ಏನೂ ಗೊತ್ತಾಗಲ್ಲ. ಆ ಕಾಲದ ಹಲವು ಇಸಿಯುಗಳಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಫೈಲ್ ಬದಲಿಸಲು ಆಗಲ್ಲ, ಪಿಗ್ಗಿಬ್ಯಾಕ್ (ಹಳೇ ಇಸಿಯು ಜೊತೆ ಸೇರಿಸುವ ಇನ್ನೊಂದು ಕಂಟ್ರೋಲರ್) ಅಥವಾ ಹೊಸ ಇಸಿಯು ಬೇಕಾಗುತ್ತದೆ. ಟ್ಯೂನ್ ಮಾಡುವವರು ವೈಡ್‌ಬ್ಯಾಂಡ್ ಸೆನ್ಸರ್ (ಗಾಳಿ–ಪೆಟ್ರೋಲ್ ಪ್ರಮಾಣ ನಿಖರವಾಗಿ ಅಳೆಯುವುದು) ಹಾಕುತ್ತಾರಾ, ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಅಡ್ಡಾದಿಡ್ಡಿ ಸಿಡಿಯುವುದು) ಹೇಗೆ ಗಮನಿಸುತ್ತಾರೆ ಅಂತ ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಕೀ ವಾಪಸ್ ತಗೊಳ್ಳಿ. ನೀವು ದಿನಾ ಹಾಕಿಸುವ ಪೆಟ್ರೋಲನ್ನೇ ತುಂಬಿಸಿಕೊಂಡು ಹೋಗಿ. 100 ಆಕ್ಟೇನ್‌ಗೆ ಟ್ಯೂನ್ ಮಾಡಿಸಿ ಆಮೇಲೆ ಮಾಮೂಲಿ ಪೆಟ್ರೋಲ್ ಹಾಕಿದರೆ ನಾಕಿಂಗ್ ಶುರುವಾಗಿ ಪಿಸ್ಟನ್‌ಗೆ ಏಟು ಬೀಳುತ್ತದೆ. ಇಸಿಯುನ ಹಳೇ ಫೈಲ್ ಇದ್ದರೆ ಒಂದು ಕಾಪಿ ಇಸಿದುಕೊಳ್ಳಿ. ಐನೂರು ಕಿ.ಮೀ. ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ, ಆಯಿಲ್ ಮಟ್ಟ ಇಳಿದಿದೆಯಾ ನೋಡಿ, ಕಂಪ್ರೆಷನ್ ಮತ್ತೊಮ್ಮೆ ಅಳೆಸಿ ಹಳೇ ಅಂಕಿಯ ಪಕ್ಕದಲ್ಲೇ ಬರೆದಿಡಿ.