ರಾತ್ರಿ ತಂಪಾಗದಿದ್ದರೆ ಹಗಲಿಗೆ ಹಾಲಿಲ್ಲ

ಮಿಶ್ರತಳಿ ಹಸು ಸಾಕುವವರಿಗೆ ಬೇಸಿಗೆ ಹಿಂದೆಯೂ ಕಷ್ಟವೇ ಇತ್ತು. ಈಗ ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಹಗಲು ಮೈಯಲ್ಲಿ ಕೂಡಿದ ಬಿಸಿಯನ್ನು ಹಸು ಹೊರಹಾಕುವುದು ಹೆಚ್ಚಾಗಿ ರಾತ್ರಿಯೇ. ಅದಾಗದಿದ್ದರೆ ಬೆಳಗಾಗುವಾಗಲೇ ಅದರ ಮೈ ಬಿಸಿ ಇರುತ್ತದೆ. ಹಾಗಾಗಿ ನಾನು ಮಾಡಿಕೊಂಡ ಬದಲಾವಣೆಗಳೆಲ್ಲ ರಾತ್ರಿಯ ಲೆಕ್ಕದಲ್ಲೇ ಶುರುವಾದವು.

ಮೊದಲು ಬದಲಾಯಿಸಿದ್ದು ಮೇವಿನ ಹೊತ್ತು. ಮೇವು ಹೊಟ್ಟೆಯಲ್ಲಿ ಹುದುಗುವಾಗ ಶಾಖ ಹುಟ್ಟುತ್ತದೆ, ಒಣಹುಲ್ಲಿನಂಥ ನಾರು ಮೇವಿನಿಂದ ಇನ್ನೂ ಜಾಸ್ತಿ. ತಿಂದ ಕೆಲವು ಗಂಟೆಗಳ ಮೇಲೆ ಆ ಶಾಖ ಏರುತ್ತದೆ. ಹೊತ್ತೇರಿದ ಮೇಲೆ ಹೊಟ್ಟೆ ತುಂಬ ಹಾಕಿದರೆ, ನೆತ್ತಿ ಸುಡುವ ಮಧ್ಯಾಹ್ನ ಒಳಗೂ ಒಲೆ ಹಚ್ಚಿದ ಹಾಗೆ. ಈಗ ಹೆಚ್ಚಿನ ಮೇವನ್ನು ಬಿಸಿಲಿಳಿದ ಮೇಲೆ ಮತ್ತು ನಸುಕಿನಲ್ಲಿ ಹಾಕುತ್ತೇನೆ. ನಮ್ಮ ನಿದ್ದೆ ಕೆಡುತ್ತದೆ, ಸುಳ್ಳಲ್ಲ.

ಶಾಖ ಕಡಿಮೆಯಾಗಲಿ ಅಂತ ಕೆಲವರು ಹುಲ್ಲು ಬಿಟ್ಟು ಬರೀ ಹಿಂಡಿ ಸುರಿಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಹೊಟ್ಟೆಯ ಹುಳಿಯನ್ನು ತಡೆಯುವುದೇ ಮೆಲುಕು ಹಾಕುವಾಗ ಬರುವ ಜೊಲ್ಲು. ಸೆಕೆಯಲ್ಲಿ ಹಸು ಮೆಲುಕು ಹಾಕುವುದೂ ಕಡಿಮೆ, ಬಾಯಿಂದ ಜೊಲ್ಲು ಸುರಿದು ಹೋಗುವುದೂ ಉಂಟು. ಅದರ ಮೇಲೆ ಹಿಂಡಿ ಜಾಸ್ತಿಯಾದರೆ ಹುಳಿ ಹೆಚ್ಚಿ ಹೊಟ್ಟೆ ಕೆಡುತ್ತದೆ. ನಾರು ಬೇಕು, ಆದರೆ ಎಳೆಯದು, ಚೆನ್ನಾಗಿ ಕತ್ತರಿಸಿದ್ದು.

ನೀರಿನ ತೊಟ್ಟಿಗೆ ನೆರಳು ಮಾಡಿದ್ದು ಸಣ್ಣ ಕೆಲಸ, ಲಾಭ ದೊಡ್ಡದು. ಚೆನ್ನಾಗಿ ಹಾಲು ಕೊಡುವ ಹಸು ಸೆಕೆಯ ದಿನ 100 ಲೀಟರ್‌ಗೂ ಮೇಲೆ ಕುಡಿಯಬಹುದು. ಕಾದ ನೀರಿಟ್ಟರೆ ಅಷ್ಟು ಕುಡಿಯುತ್ತದಾ?

ಮೈಗೆ ನೀರು ಹಾಕುವುದರಲ್ಲೂ ಒಂದು ಕ್ರಮವಿದೆ. ಕೂದಲಿನ ಬುಡದವರೆಗೆ ಚರ್ಮ ನೆನೆಯಬೇಕು, ಆಮೇಲೆ ಫ್ಯಾನ್ ಗಾಳಿಗೆ ಅದು ಆರಬೇಕು, ಮತ್ತೆ ನೆನೆಸಬೇಕು. ಮೈ ತಣ್ಣಗಾಗುವುದು ನೀರು ಆರುವಾಗ. ಗಾಳಿಯಾಡದ ಕೊಟ್ಟಿಗೆಯಲ್ಲಿ ಸುಮ್ನೆ ಮಂಜಿನಂತೆ ನೀರು ಚಿಮುಕಿಸಿದರೆ ತೇವ ಹೆಚ್ಚಿ ಸೆಕೆ ಇನ್ನೂ ಕೆಡುತ್ತದೆ. ಫ್ಯಾನನ್ನು ಸಂಜೆಗೇ ಆರಿಸುವುದಿಲ್ಲ, ರಾತ್ರಿಯೂ ಓಡಿಸುತ್ತೇನೆ.

ಹಾಲಿನ ಕ್ಯಾನ್ ನೋಡಿ ಹಸುವಿನ ಕಷ್ಟ ಅಳೆಯಬಾರದು. ಹಾಲು ಇಳಿಯುವುದು ಒಂದೆರಡು ದಿನ ತಡವಾಗಿ. ನಾನು ಉಸಿರಾಡುವಾಗ ಏರಿಳಿಯುವ ಪಕ್ಕೆ ನೋಡುತ್ತೇನೆ. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಏರಿಳಿದರೆ ಹಸುವಿಗೆ ಸೆಕೆ ತಡೆಯುತ್ತಿಲ್ಲ ಅಂತ ಅರ್ಥ. ಮಲಗದೆ ನಿಂತೇ ಇದ್ದರೂ ಅನುಮಾನ ಬರಬೇಕು. ಬೆದೆಯ ಲಕ್ಷಣಗಳೂ ಸೆಕೆಯಲ್ಲಿ ಮಂಕಾಗುತ್ತವೆ, ಹೆಚ್ಚಾಗಿ ರಾತ್ರಿಯೇ ಕಾಣುತ್ತವೆ. ಮೇವು ಹಾಕಲು ಎದ್ದಾಗ ಅದನ್ನೂ ಗಮನಿಸಿಬಿಡುತ್ತೇನೆ.

ಮಳೆಯನ್ನಂತೂ ನಂಬುವಂತಿಲ್ಲ. ಜೋಳ ಹಸಿರಿದ್ದಾಗಲೇ ಕತ್ತರಿಸಿ, ಗಾಳಿ ಉಳಿಯದಂತೆ ತುಳಿದು, ಬಿಗಿಯಾಗಿ ಮುಚ್ಚಿ ರಸಮೇವು ಮಾಡಿಟ್ಟುಕೊಳ್ಳುತ್ತೇನೆ. ಮಳೆ ಕೈಕೊಟ್ಟು ಬಾಡಿದ ಎಳೆ ಬಿಳಿಜೋಳವನ್ನು ಹಸಿಯಾಗಿ ಹಾಕಲೇಬೇಡಿ. ಅದರಲ್ಲಿ ಸಯನೈಡ್ ವಿಷ ಇರುತ್ತದೆ, ದನ ನಿಂತಲ್ಲೇ ಬಿದ್ದು ಸಾಯಬಹುದು.

ಇಷ್ಟೆಲ್ಲ ಮಾಡಿದರೂ ತಳಿಯ ಪ್ರಶ್ನೆ ಉಳಿಯುತ್ತದೆ. ವಿದೇಶಿ ತಳಿಯ ರಕ್ತ ಹೆಚ್ಚಿದ್ದರೆ ಸಾಮಾನ್ಯವಾಗಿ ಹಾಲು ಹೆಚ್ಚು, ಆದರೆ ಸೆಕೆ ತಡೆಯುವ ಶಕ್ತಿ ಕಡಿಮೆ. ಹಾಗಾಗಿ ಹೊಸ ಕರುಗಳಲ್ಲಿ ಅದನ್ನು ಇನ್ನೂ ಏರಿಸುವುದನ್ನು ನಿಲ್ಲಿಸಿದ್ದೇನೆ. ಹಾಲು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಬೇಸಿಗೆಯಲ್ಲೂ ಗಬ್ಬ ಕಟ್ಟುವ ಹಸು ಬೇಕು.